ಮುಂದಿನ ಚಕ್ರ

ಬೀದಿಯ ತಿರುವಿನಲ್ಲಿ ಟ್ರ್ಯಾಕ್ಟರಿನ ಗುಡುಗುಡು ಕೇಳಿದ್ದೇ ತಡ, ನಾಲ್ಕು ವರ್ಷದ ಗುಬ್ಬಿ ಕೈಯಲ್ಲಿದ್ದ ಬಿಸ್ಕತ್ತನ್ನು ಅಲ್ಲೇ ಬಿಟ್ಟು ಮಂಚದ ಕೆಳಗೆ ನುಸುಳಿದಳು.

ಅವಳ ಅಪ್ಪ ಒಳಗೆ ಬಂದು, ಮಂಡಿಯೂರಿ ಬಗ್ಗಿ ನೋಡಿದ. ಟ್ರ್ಯಾಕ್ಟರ್ ಓಡಿಸುವ ಕೆಲಸ ಹಿಡಿದಾಗಿನಿಂದ ಮಗಳು ಅವನ ಹತ್ತಿರ ಸುಳಿದಿರಲಿಲ್ಲ. ಎಷ್ಟು ಉಜ್ಜಿ ಒಗೆದರೂ ಅಂಗಿಯಲ್ಲಿ ಡೀಸೆಲ್ ವಾಸನೆ.

"ನಾನೇನು ಗುಮ್ಮನಾ? ನಾಳೆ ಸಂಜೆ ಉಳುಮೆಗೆ ದೂರ ಹೊರಟ್ರೆ ತಿಂಗಳಾಗುತ್ತೆ ಬರೋದು. ಒಂದ್ಸಲ ಹತ್ರ ಬಾರೇ."

ಮಂಚದ ಕೆಳಗಿಂದ ಚಪ್ಪಲಿಯೊಂದು ಹಾರಿ ಬಂತು.

"ಗುರಿ ಮಾತ್ರ ನಿಮ್ಮಮ್ಮಂದೇ!" ಎಂದು ನಕ್ಕ. ನಗು ಮುಗಿದ ಮೇಲೂ ಅವನು ಆ ಪುಟ್ಟ ಚಪ್ಪಲಿ ಹಿಡಿದು ಅಲ್ಲೇ ಕೂತಿದ್ದುದು ಬಾಗಿಲಲ್ಲಿ ನಿಂತಿದ್ದ ಅವನ ತಂಗಿಗೆ ಕಂಡಿತು. ಓದು ಮುಗಿಸಿ ಮನೆಯಲ್ಲಿದ್ದ ಅವಳಿಗೆ ಸಮಾಧಾನ ಹೇಳಲು ಬಾರದು. ಮಾತು ನಾಲಗೆಗೆ ಬರುವಷ್ಟರಲ್ಲಿ ಆಡುವ ಹೊತ್ತೇ ದಾಟಿರುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಹಿತ್ತಲಲ್ಲಿ ಹಳೆಯ ತಟ್ಟೆಯೊಂದರಲ್ಲಿ ಮಣ್ಣು ಕಲಸಿಕೊಂಡು ಕೂತಳು. ಬೆಂಕಿಪೊಟ್ಟಣಕ್ಕೆ ಕಡ್ಡಿ ಚುಚ್ಚಿ ಹಿಂದೆ ಎರಡು ಡಬ್ಬಿ ಮುಚ್ಚಳ, ಮುಂದೆ ತನ್ನ ಸ್ವೆಟರಿನಿಂದ ಕಿತ್ತ ಎರಡು ಗುಂಡಿ ಸಿಕ್ಕಿಸಿದಳು. ಅದರ ಬೆನ್ನಿಗೆ ಮುರಿದ ಬಾಚಣಿಗೆಯನ್ನು ನೇಗಿಲಿನಂತೆ ಕಟ್ಟಿ ಮಣ್ಣಿನ ಮೇಲೆ ಎಳೆದಳು. ಯಾರನ್ನೂ ಕರೆಯಲಿಲ್ಲ. ಗುಬ್ಬಿ ತಾನೇ ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಮಣ್ಣಿಗೆ ತಲೆ ಬಾಚ್ತಿದೀಯಾ ಅತ್ತೆ?"

"ಹೂಂ. ಎಷ್ಟು ಸಿಕ್ಕಾಗಿದೆ ನೋಡು."

ಬಾಚಣಿಗೆ ಎಳೆದ ಗೆರೆಗಳಲ್ಲಿ ಗುಬ್ಬಿ ಒಂದೊಂದೇ ಕಾಳು ಇಟ್ಟು ಬೆರಳಿನಿಂದ ಮುಚ್ಚಿದಳು. ಆಮೇಲೆ ಇದ್ದಕ್ಕಿದ್ದಂತೆ ಮುಂದಿನ ಗುಂಡಿಗಳನ್ನು ಕಿತ್ತು ಮುಷ್ಟಿಯಲ್ಲಿ ಬಚ್ಚಿಟ್ಟಳು.

"ಅಯ್ಯೋ, ಯಾಕೇ?"

"ಪಾಪ, ಇವು ಚಿಕ್ಕವು. ಹಿಂದಿನ ದೊಡ್ಡವು ಹೊಡೆಯೋಕೆ ಅಟ್ಟಿಸ್ಕೊಂಡು ಬರ್ತವೆ. ಕಿರುಚ್ಕೊಂಡು."

ಅತ್ತೆ ಆ ಪುಟ್ಟ ಮುಷ್ಟಿಯನ್ನೇ ನೋಡಿದಳು. ಇಷ್ಟು ದಿನ ಎಲ್ಲರೂ ಹೆದರಬೇಡ ಎಂದವರೇ. ಯಾಕೆ ಹೆದರಿಕೆ ಎಂದು ಯಾರೂ ಕೇಳಿರಲಿಲ್ಲ, ಅವಳೂ ಸೇರಿ.

"ಹಾಗೇ ತಳ್ಳು, ನೋಡೋಣ," ಎಂದಳು.

ಗುಬ್ಬಿ ತಳ್ಳಿದಳು. ಬೆಂಕಿಪೊಟ್ಟಣ ಮುಗ್ಗರಿಸಿತು. "ಮೂಗು ಹೂತ್ಹೋಯ್ತು!"

ಗುಂಡಿಗಳು ಮತ್ತೆ ಸ್ವಸ್ಥಾನ ಸೇರಿದವು. ಅತ್ತೆ ಮುಂದಿನ ಕಡ್ಡಿಯನ್ನು ತುಸು ಓರೆ ಮಾಡಿದಳು. ಈ ಸಲ ತಳ್ಳಿದರೆ ಟ್ರ್ಯಾಕ್ಟರ್ ಇಡಿಯಾಗಿ ಅತ್ತ ಹೊರಳಿತು.

"ದೊಡ್ಡದಕ್ಕೆ ಬಲ ಇದೆ, ದಾರಿ ಗೊತ್ತಿಲ್ಲ. ಚಿಕ್ಕದು ತಿರುಗಿದ ಕಡೆಗೇ ಹೋಗಬೇಕು."

"ಚಿಕ್ಕದರ ಮಾತು ಕೇಳುತ್ತಾ?"

"ಕೇಳದೆ ಎಲ್ಲಿಗೆ ಹೋಗುತ್ತೆ!"

"ಮತ್ತೆ ಕಿರುಚೋದು?"

"ನೀರಿನ ಬಿಂದಿಗೆ ಎತ್ತೋವಾಗ ನೀನು 'ಊಂ' ಅನ್ನಲ್ವಾ?"

ಸಂಜೆ ಗುಡುಗುಡು ಕೇಳಿದಾಗ ಗುಬ್ಬಿ ಮಂಚದವರೆಗೆ ಓಡಿದಳು. ಅಲ್ಲೇ ನಿಂತಳು. ಸದ್ದು ಅಡಗಿದ ಮೇಲೆ ಮೆಲ್ಲಗೆ ಅಂಗಳಕ್ಕಿಳಿದು ಟ್ರ್ಯಾಕ್ಟರಿನ ಮುಂದಿನ ಚಕ್ರವನ್ನು ಒಂದು ಬೆರಳಿನಿಂದ ಮುಟ್ಟಿದಳು. ಹೊರಡಲೆಂದು ಬಟ್ಟೆಯ ಚೀಲ ಹಿಡಿದು ನಿಂತಿದ್ದ ಅಪ್ಪ ಅಲುಗಾಡಲಿಲ್ಲ.

"ಎತ್ಕೊಳ್ಳಲಾ?"

"ಬೇಡ. ನಾನು ಮುಂದೆ. ನೀನು ಹಿಂದೆ ಬಾ. ಊಂ ಅನ್ನು."

ಅವನು ತಂಗಿಯ ಮುಖ ನೋಡಿದ. ಅವಳು ಗುಂಡಿಯಿಲ್ಲದ ಸ್ವೆಟರನ್ನು ಕೈಯಿಂದ ಮುಚ್ಚಿ ಹಿಡಿದು, ಹೋಗು ಎಂಬಂತೆ ತಲೆಯಾಡಿಸಿದಳು.

ಅವನು ಚೀಲ ಕೆಳಗಿಟ್ಟ. ಬೆನ್ನು ಬಗ್ಗಿಸಿ ಮಗಳ ಹೆಗಲಿಗೆ ಎರಡೂ ಕೈ ತಾಗಿಸಿದ. ಗುಬ್ಬಿ ಎಡಕ್ಕೆ ತಿರುಗಿದಳು. ಊಂ ಎನ್ನುತ್ತ ಅವನೂ ಎಡಕ್ಕೆ ತಿರುಗಿದ. ಒದ್ದೆ ಅಂಗಳದಲ್ಲಿ ಪುಟ್ಟ ಪಾದಗಳ ಗುರುತಿನ ಮೇಲೇ ದೊಡ್ಡ ಬೂಟಿನ ಗುರುತು ಮೂಡುತ್ತ ಹೋಯಿತು.