ಬಾಣಂತಿ ಗುಂಡು

“ಏ ರಂಡೆ, ನೆಟ್ಟಗ ನಿಂದ್ರು! ಬುಟ್ಟಿ ಸೊಟ್ಟ ಆದ್ರ ಫೋಟೋ ಹೆಂಗ ಬರ್ತದ?”

ಖಂಡೆಪ್ಪ ಸಾವುಕಾರ ಬೈದದ್ದು ನನ್ನ ಮಗಳು ಸಾಬಮ್ಮನನ್ನು. ಅವಳ ತಲೆಯ ಮೇಲಿನ ಬುಟ್ಟಿಯಲ್ಲಿ ಕರಿಕಲ್ಲಿತ್ತು. ಕಲಬುರಗಿಯ ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ಕೂಸು ತೆಗೆದು ತಿಂಗಳೂ ಆಗಿರಲಿಲ್ಲ. ಹೊಲಿಗೆ ಇನ್ನೂ ಹಸಿ. ಕೂಸು ನನ್ನ ಸೆರಗಿನಲ್ಲಿತ್ತು.

ಮಹಾಗಾಂವದಿಂದ ಕಮಲಾಪುರಕ್ಕೆ ಹೋಗುವ ದಾರಿಯ ಮಗ್ಗುಲಿಗೆ, ಸಾವುಕಾರನ ತೊಗರಿ ಹೊಲದ ನಡುವೆ ಬಾಣಂತಿ ಗುಂಡು ಇದೆ. ದೊಡ್ಡ ಕರಿಬಂಡೆ ತಲೆ ಬಗ್ಗಿಸಿ ಕೂತಂತಿದೆ, ಅದರ ಮಡಿಲಲ್ಲಿ ಸಣ್ಣದೊಂದು ಗುಂಡು. ಸಾವುಕಾರರ ಮನೆಯ ಕಥೆ ಹೀಗೆ: ನಮ್ಮ ಕೇರಿಯ ಬಾಣಂತಿಯೊಬ್ಬಳು ತೊಗರಿ ಹೊರೆ ಇಳಿಸಿ ಕೂಸಿಗೆ ಹಾಲೂಡಿಸಲು ಕೂತಳಂತೆ, ಧಣಿಯ ಗುರು ಶಪಿಸಿದನಂತೆ, ಕಲ್ಲಾದಳಂತೆ. ಅದಕ್ಕೇ ಎಳ್ಳಮಾವಾಸ್ಯೆಯ ದಿನ, ತೊಗರಿಗೆ ಕುಡುಗೋಲು ಹಾಕುವ ಮುಂಚೆ, ಕೇರಿಯಲ್ಲಿ ಎಲ್ಲರಿಗಿಂತ ಈಚೆಗೆ ಹೆತ್ತವಳು ಕಲ್ಲು ಹೊತ್ತು ಗುಂಡು ಸುತ್ತಿ ‘ತಪ್ಪಾಯ್ತು’ ಅನ್ನಬೇಕು.

ನನ್ನ ಅಜ್ಜಿಯ ಕಥೆಯಲ್ಲಿ ಗುರುವೂ ಇರಲಿಲ್ಲ, ಶಾಪವೂ ಇರಲಿಲ್ಲ. ಧಣಿ ಏಳು ಅಂದ, ಆಕೆ ಏಳುವುದಿಲ್ಲ ಅಂದಳು. ಅನ್ನುತ್ತ ಅನ್ನುತ್ತ ಕಲ್ಲಾದಳು. ಇದನ್ನು ನಾವು ಕಳೆ ತೆಗೆಯುವಾಗ ದನಿ ತಗ್ಗಿಸಿ ಹೇಳಿಕೊಳ್ಳುತ್ತಿದ್ದೆವು.

ಮುಂಜಾನೆಯೇ ಸಾವುಕಾರನ ಅಂಗಳದಲ್ಲಿ ನಿಂತು ಕೈಮುಗಿದಿದ್ದೆ.

“ಎಪ್ಪಾ, ಆಪರೇಷನ್ ಆಗ್ಯಾದ್ರೀ ಅಕಿಗಿ. ಭಾರ ಎತ್ತಿದ್ರ ಹೊಲಿಗಿ ಬಿಚ್ಚತಾವಂತ ಡಾಕ್ಟರ್ ಅಂದಾರ. ನಾ ಹೊರ್ತೀನ್ರೀ.”

“ನೀ ಮುದಿ ಗೊಡ್ಡು. ನೀ ಹೊತ್ರ ನಡೀತದೇನ? ನಿಮ್ಮವ್ವಗೋಳು ಹಡದ ಮರುದಿನಾನೇ ಹೊತ್ತಾರ.”

ಅವನ ಮಗ ಅರುಣಕುಮಾರ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಇಲ್ಲಿ ರೆಸಾರ್ಟ್ ಮಾಡೋರು ಸಿಟಿಯಿಂದ ಬರಾಕತ್ತಾರ. ಪದ್ಧತಿ ನೋಡ್ಬೇಕಂತ. ಹಸಿ ಬಾಣಂತೀನೇ ಬೇಕು. ಇಲ್ಲಂದ್ರ ನಿಮ್ಮ ಕೇರಿದೊಂದು ಹೆಣ್ಣೂ ತೊಗರಿಗಿ ಬರೋದು ಬ್ಯಾಡ.”

ಈಗ ಆ ಅತಿಥಿಗಳು ಜಮಖಾನದ ಮೇಲೆ ಕೂತು ಸಜ್ಜಿರೊಟ್ಟಿ, ಕಾಳು-ಸೊಪ್ಪು ಕುದಿಸಿದ ಭಜ್ಜಿ ಹೊಡೆಯುತ್ತಿದ್ದರು. ಪೂಜಾರಿ ಜಗದೇವಪ್ಪ ಗಂಟೆ ಬಾರಿಸಿದ. ಸಾಬಮ್ಮ ಹೆಜ್ಜೆ ಕಿತ್ತಿಟ್ಟಳು. ಕೇರಿಯ ಹೆಂಗಸರು ಕುಡುಗೋಲು ಹಿಡಿದು ದೂರ ನಿಂತಿದ್ದರು.

“ಜರಾ ಅತ್ತಂಗ ಮಾರಿ ಮಾಡ,” ಅಂದ ಅರುಣಕುಮಾರ. “ಜೋರಾಗಿ ಅನ್ನು, ತಪ್ಪಾಯ್ತಂತ.”

ಅವಳು ಬಾಯಿ ಬಿಡಲಿಲ್ಲ. ಗುಂಡಿನ ಆಚೆಯಿಂದ ತಿರುಗಿ ಬರುವಾಗ ಸೀರೆಯ ಹೊಟ್ಟೆಯ ಮೇಲೆ ಕೆಂಪು ಹರಡಿತ್ತು.

“ಇಳಸ ಸಾಬಮ್ಮ! ಸಾಕು, ಇಳಸ!”

ಅವಳು ಇಳಿಸಲಿಲ್ಲ, ಕೈಬಿಟ್ಟಳು. ಕಲ್ಲು ಭಜ್ಜಿಯ ಪಾತ್ರೆಗೆ ಬಡಿದು ಉರುಳಿತು. ಅತಿಥಿಗಳು ಹೌಹಾರಿ ಎದ್ದರು. ಅವಳು ಬಂಡೆಗೆ ಬೆನ್ನು ಕೊಟ್ಟು ಕೂತು ನನ್ನ ಕಡೆ ಕೈಚಾಚಿದಳು. ಕೂಸನ್ನು ಕೊಟ್ಟೆ. ಕುಪ್ಪಸ ಬಿಚ್ಚಿ ಮೊಲೆಗೆ ಹಚ್ಚಿದಳು.

“ಮೈಲಿಗಿ! ಮೈಲಿಗಿ ಆಯ್ತು!” ಪೂಜಾರಿ ಚೀರಿದ.

ಸಾವುಕಾರ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡ. “ಏಳಲೇ ಭೋಸಡಿ!”

“ಏಳಂಗಿಲ್ಲ.”

ನಾನು ಸೆರಗು ಮಡಚಿ ಅವಳ ಹೊಟ್ಟೆಗೆ ಒತ್ತಿ ಹಿಡಿದು ಪಕ್ಕದಲ್ಲೇ ಕೂತೆ. ಕೇರಿಯ ಹೆಂಗಸರಲ್ಲಿ ಒಬ್ಬಳು ಮಲಂಗಸಾಬನ ಟೆಂಪೋ ಕರೆಯಲು ಓಡಿದಳು. ಉಳಿದವರು ಒಬ್ಬೊಬ್ಬರಾಗಿ ಬಂದು, ಕುಡುಗೋಲು ಮುಂದಿಟ್ಟುಕೊಂಡು ಕೂತರು.

“ಕಲ್ಲಾಗ್ತೀರಿ! ಎಲ್ಲಾರೂ ಕಲ್ಲಾಗ್ತೀರಿ!” ಜಗದೇವಪ್ಪ ಮಂತ್ರ ಶುರುಮಾಡಿದ.

“ಆಗ್ತೀವಿ,” ಅಂದೆ. “ಕಲ್ಲು ತೊಗರಿ ಕೊಯ್ಯಂಗಿಲ್ಲ, ಸಾವುಕಾರ.”

ಟೆಂಪೋ ಬಂತು. ಸುದ್ದಿ ಕೇಳಿ ಅದರಲ್ಲೇ ಬಂದಿದ್ದ ಅಳಿಯ ಸಾಬಮ್ಮನನ್ನೂ ಕೂಸನ್ನೂ ಹತ್ತಿಸಿದ. ನನ್ನ ಜೀವ ಅವರ ಹಿಂದೆಯೇ ಹೊರಟಿತ್ತು. ಏಳಲು ನೆಲಕ್ಕೆ ಕೈಯೂರಿದೆ. ಟೆಂಪೋದೊಳಗಿನಿಂದ ಮಗಳ ದನಿ ಬಂತು.

“ನೀ ಏಳಬ್ಯಾಡ, ಎವ್ವಾ.”

ಬಿಸಿಲೇರಿ ಒಣ ತೊಗರಿಕಾಯಿ ಹೊಲದ ತುಂಬ ಚಟಚಟ ಒಡೆಯುತ್ತಿತ್ತು. ಅವಳು ಕೂತಿದ್ದ ಜಾಗ ಇನ್ನೂ ಒದ್ದೆಯಿತ್ತು. ಅಲ್ಲಿಗೆ ಸರಿದು ಕೂತೆ.