ಎರಡು ಲಕ್ಷ ಕಿಲೋಮೀಟರ್ ಓಡಿದ ಕಾರು

ಗದ್ವಾಲದಲ್ಲಿ ಹಳೆ ಕಾರು ಮಾರುವ ಶರಣಯ್ಯನ ಅಂಗಳಕ್ಕೆ ಕಾಲಿಟ್ಟ ಕೂಡಲೇ, ಅಣ್ಣ ತನ್ನನ್ನು ಅಷ್ಟು ಅವಸರ ಮಾಡಿ ಯಾಕೆ ಕರೆತಂದ ಎಂಬುದು ವಿಜಯಶ್ರೀಗೆ ಗೊತ್ತಾಗಿಹೋಯಿತು. ಬೇವಿನ ಮರದ ಕೆಳಗೆ ನಿಂತಿದ್ದ ಬಿಳಿ ಕಾರು ಅವಳ ಮದುವೆಯದು. ಅಪ್ಪ ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ಎಲ್ಲರೆದುರು ಅಳಿಯ ಭೀಮಶಂಕರನ ಕೈಗೆ ಬೀಗದಕೈ ಕೊಟ್ಟಿದ್ದರು. ಆ ಭೀಮಶಂಕರನನ್ನು ಬಿಟ್ಟು ಅವಳು ನಾರಾಯಣಪೇಟೆಯ ತವರಿಗೆ ಬಂದು ಈಗ ನಾಲ್ಕು ವರ್ಷ.

"ನೋಡಿದೇನ?" ಅಣ್ಣ ಸಿದ್ದರಾಮೇಶನ ಕಣ್ಣು ಹೊಳೆಯುತ್ತಿದ್ದವು. "ನಮ್ಮ ಗಾಡಿ, ವಿಜಿ. ಮಾರಾಕ ಇಟ್ಟಾರ. ಇದನ್ನ ನಾವೇ ತಗೊಂಡು, ಮಕ್ತಲದಾಗ ಅವರ ಮನಿ ಮುಂದ ಹಾಯಿಸ್ಕೊಂಡು ಹೋಗಬೇಕು. ಆಗ ಅವರ ಮಾರಿ ಹೆಂಗಾಗತೈತಿ ನೋಡಬೇಕು ನಾನು."

"ಮೊದಲ ಹೇಳಿದ್ರ ನಾ ಬರತಿದ್ದಿಲ್ಲ ಅಂತ ಗೊತ್ತಿತ್ತಲ್ಲ ನಿನಗ?"

"ಗೊತ್ತಿತ್ತು. ಅದಕ್ಕ ಹೇಳಲಿಲ್ಲ."

ವಿಜಯಶ್ರೀಗೆ ಮೈ ಉರಿದುಹೋಯಿತು. ಅವಳಿಗೆ ಬೇಕಾಗಿದ್ದುದು ಒಂದು ಗಾಡಿ, ಅಷ್ಟೇ. ನಾರಾಯಣಪೇಟೆಯ ಸೀರೆ, ಗದ್ವಾಲದ ಸೀರೆ ಎರಡನ್ನೂ ನೇಕಾರರಿಂದ ತಂದು ಊರೂರಿಗೆ ಒಯ್ದು ಮಾರುವುದು ಅವಳ ಕಸುಬು. ಗಂಟು ಹೊತ್ತು ಬಸ್ಸು ಹತ್ತಿಳಿದು ಸೊಂಟ ಬಿದ್ದುಹೋಗಿತ್ತು. ಹೊಸದು ಕೈಗೆಟುಕದು, ಹೆಚ್ಚು ಓಡಿದ್ದಾದರೂ ಅಡ್ಡಿಯಿಲ್ಲ, ಒಳಗೆ ಗಟ್ಟಿಯಿದ್ದರೆ ಸಾಕು ಎಂದು ತಿಂಗಳಿಂದ ಹಳೆ ಕಾರುಗಳನ್ನು ನೋಡುತ್ತ ತಿರುಗುತ್ತಿದ್ದಳು. ಬಾನೆಟ್ಟಿನೊಳಗೆ ಏನು ನೋಡಬೇಕು, ಓಡಿಸುವಾಗ ಯಾವ ಸದ್ದಿಗೆ ಕಿವಿ ಕೊಡಬೇಕು ಎಂಬುದನ್ನು ಆ ತಿರುಗಾಟದಲ್ಲೇ ಕಲಿತಿದ್ದಳು. ಈಗ ನೋಡಿದರೆ, ಅಣ್ಣ ಅವಳ ನೋವನ್ನು ಮಕ್ತಲದ ಬೀದಿಯಲ್ಲಿ ಮೆರೆಸಲು ಹೊರಟಿದ್ದ.

ತಿರುಗಿ ಹೋಗಿಬಿಡೋಣ ಅನ್ನಿಸಿತು. ಆದರೆ ಅಷ್ಟರಲ್ಲಿ ಶರಣಯ್ಯ ಬಂದು, ಅವಳನ್ನು ದಾಟಿ ಸಿದ್ದರಾಮೇಶನ ಮುಂದೆ ನಿಂತ.

"ಎರಡು ಲಕ್ಷದ ಮ್ಯಾಲ ಓಡೈತಿ, ಸುಳ್ಳು ಹೇಳಂಗಿಲ್ಲ ಅಣ್ಣಾರ. ಡೀಸಲ್ ಬಂಡಿ, ಇದಕ್ಕ ಅದೇನೂ ದೊಡ್ಡದಲ್ಲ. ಅಕ್ಕಾರಿಗೆ ಬಣ್ಣ ಮನಸಿಗೆ ಬಂತೇನು, ಕೇಳ್ರಿ."

"ಬಣ್ಣ ಇರಲಿ," ಅಂದಳು ವಿಜಯಶ್ರೀ. "ಬಾನೆಟ್ ತೆಗೀರಿ. ಆಮ್ಯಾಲ ನಾನೇ ಓಡಿಸಿ ನೋಡ್ತೀನಿ."

ಅವಳು ಎಂಜಿನ್ನಿನ ಆಯಿಲು ನೋಡಿದಳು. ಕೆಳಗೆ ಬಗ್ಗಿ ಗಾಡಿಯ ತಳದ ಚೌಕಟ್ಟು, ಮುಂದಿನ ಚಾಸಿಸ್ ನೋಡಿದಳು. ಎದ್ದು ಕೈ ಒರೆಸಿಕೊಳ್ಳುವಷ್ಟರಲ್ಲಿ, ಚಹಾ ಕುಡಿಯಲು ಹೋಗಿದ್ದ ಗಾಡಿಯ ಮಾಲೀಕ ಬಂದ. ಭೀಮಶಂಕರ. ಒಂದು ಗಳಿಗೆ ಅವನ ಮುಖ ಬಿಳಿಚಿಕೊಂಡಿತು, ಆಮೇಲೆ ನಕ್ಕ.

"ಗಿರಾಕಿ ಅಂದ್ರ ನೀವೇನು? ಈಕಿ ಓಡಸ್ತಾಳಾ?"

ವಿಜಯಶ್ರೀ ಡ್ರೈವರ್ ಸೀಟಿನಲ್ಲಿ ಕೂತು ಬೀಗದಕೈಗೆ ಕೈ ಚಾಚಿದಳು. "ಬರೂದಾದ್ರ ಹಿಂದ ಕೂಡ್ರಿ."

ಅಣ್ಣ ಪಕ್ಕದಲ್ಲಿ, ಭೀಮಶಂಕರ ಹಿಂದೆ. ಕಾರು ಜೂರಾಲ ಅಣೆಕಟ್ಟಿನ ರಸ್ತೆ ಹಿಡಿಯಿತು. ಸಂಸಾರ ಮಾಡಿದ ಅಷ್ಟೂ ವರ್ಷ ಅವಳು ಈ ಸೀಟಿನಲ್ಲಿ ಕೂತಿರಲಿಲ್ಲ. ಕಲಿಸಿಕೊಡಿ ಎಂದು ಕೇಳಿದ್ದಕ್ಕೆ, ಹೆಂಗಸರ ಕೈಗೆ ಕೊಟ್ಟರೆ ಕ್ಲಚ್ ಸುಟ್ಟುಹೋಗುತ್ತದೆ ಎಂದಿದ್ದ. ತವರಿಗೆ ಬಂದ ಮೇಲೆಯೇ ಅವಳು ಓಡಿಸಲು ಕಲಿತದ್ದು. ಈಗ ಏರಿನಲ್ಲಿ ಅವಳು ಕಾಲು ಒತ್ತಿದರೆ ಎಂಜಿನ್ನು ಕೂಗುತ್ತಿತ್ತೇ ಹೊರತು ಗಾಡಿ ಮುಂದೆ ಹೋಗುತ್ತಿರಲಿಲ್ಲ.

"ಕ್ಲಚ್ ಸುಟ್ಟೈತಿ," ಅಂದಳು. ಬ್ರೇಕ್ ಹಾಕಿದರೆ ಸ್ಟೇರಿಂಗ್ ಎಡಕ್ಕೆ ಎಳೆಯಿತು. "ಎಲ್ಲಿ ಗುದ್ದಿಸೀರಿ ಇದನ್ನ?"

"ಎಲ್ಲೂ ಇಲ್ಲ."

"ಚಾಸಿಸ್ಸಿಗೆ ಬೆಸುಗಿ ಹಾಕಿದ್ದು ಕಣ್ಣಾರೆ ನೋಡೀನಿ ನಾನು."

ಹಿಂದಿನಿಂದ ದನಿ ತಗ್ಗಿತು. "ಒಮ್ಮೆ ಬಾಡಿಗಿಗೆ ಹೋದಾಗ ಸ್ವಲ್ಪ..."

ಬಾಡಿಗೆ ಎಂಬ ಮಾತು ಕೇಳಿದ್ದೇ ಅವಳು ಗಾಡಿಯ ವೇಗ ತಗ್ಗಿಸಿದಳು. ರಾಯಚೂರಿನ ಆಸ್ಪತ್ರೆಯಲ್ಲಿ ಅಪ್ಪ ಕೊನೆಯುಸಿರು ಎಳೆಯುತ್ತಿದ್ದ ದಿನ, ಈ ಕಾರು ಮಕ್ತಲದ ಮನೆಯ ಬಾಗಿಲಲ್ಲೇ ನಿಂತಿತ್ತು.

"ಸಂಜೀಕ ಬಾಡಿಗಿ ಐತಿ, ಬಸ್ಸಿಗೆ ಹೋಗು ಅಂದಿದ್ದಿ ನನಗ," ಅಂದಳು. ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. "ನಾ ಹೋಗಿ ಮುಟ್ಟೂದ್ರಾಗ ಅಪ್ಪಗ ಮಾತು ಬಿದ್ದುಹೋಗಿತ್ತು. ಅಪ್ಪ ಕೊಟ್ಟ ಗಾಡಿ ಅಪ್ಪನ ಹತ್ರ ಹೋಗಾಕ ಸಿಗಲಿಲ್ಲ ನನಗ. ಇನ್ನ ಇದರ ಎಂಜಿನ್ ಬಗ್ಗೆ ಹೇಳು, ಕೇಳ್ತೀನಿ."

"ಹಳೇದೆಲ್ಲ ಈಗ್ಯಾಕ?" ಅಂದ ಭೀಮಶಂಕರ. "ನೀವೇ ತಗೊಳ್ಳೂದಾದ್ರ ಕಮ್ಮಿ ಮಾಡಿ ಕೊಡ್ತೀನಿ, ಬಿಡ್ರಿ."

"ಕಮ್ಮಿ ಮಾಡೂದು ಬ್ಯಾಡ!" ಸಿದ್ದರಾಮೇಶ ಹಿಂದಕ್ಕೆ ತಿರುಗಿ ಕೂಗಿದ. "ಎಷ್ಟಾದ್ರೂ ಆಗಲಿ, ತಗೊಂತೀವಿ. ನಮ್ಮಪ್ಪ ತನ್ನ ಮಗಳಿಗೆ ಕೊಟ್ಟ ಗಾಡಿ ಇದು!"

ಅಣೆಕಟ್ಟು ಕಾಣುವ ತಿರುವಿನಲ್ಲಿ ವಿಜಯಶ್ರೀ ಗಾಡಿ ಬದಿಗೆ ನಿಲ್ಲಿಸಿದಳು. ಭೀಮಶಂಕರನ ಕಡೆ ನೋಡಲೇ ಇಲ್ಲ. ಅಣ್ಣನ ಕಡೆ ತಿರುಗಿದಳು.

"ಮಗಳಿಗೆ ಕೊಟ್ರಾ? ಬೀಗದಕೈ ಯಾರ ಕೈಯಾಗ ಇಟ್ರಿ? ಕಾಗದ ಯಾರ ಹೆಸರಿಗೆ ಮಾಡಿಸಿದ್ರಿ? ನಾ ಬಿ.ಎಡ್ ಓದ್ತೀನಿ ಅಂದಾಗ ಮನ್ಯಾಗ ರೊಕ್ಕ ಇದ್ದಿದ್ದಿಲ್ಲ. ಮುಂದಿನ ವರ್ಷನ ಗಾಡಿ ಬಂತು. ಊರ ಮಂದಿ ನೋಡಲಿ ಅಂತ ಕೊಟ್ರಿ, ಈಗ ಊರ ಮಂದಿ ನೋಡಲಿ ಅಂತ ತಗೊಳ್ಳಾಕ ಹೊಂಟೀದಿ. ನಡುವ ನಾ ಎಲ್ಲಿ ಅದೀನಿ, ಅಣ್ಣಾ? ಹೇಳು!"

ಸಿದ್ದರಾಮೇಶ ಮುಂದಕ್ಕೆ ತಿರುಗಿ ಕೂತ.

ಅವಳು ಗಾಡಿ ತಿರುಗಿಸಿದಳು. ಶರಣಯ್ಯನ ಅಂಗಳದಲ್ಲಿ ಅದೇ ಬೇವಿನ ಮರದ ಕೆಳಗೆ ನಿಲ್ಲಿಸಿ, ಬೀಗದಕೈಯನ್ನು ಶರಣಯ್ಯನ ಕೈಗೇ ಕೊಟ್ಟಳು.

"ಏನಾಯ್ತು ಅಕ್ಕಾರ? ಬಾಳ ಓಡೈತಿ ಅಂತ ಅನುಮಾನನಾ?"

"ಓಡಿದ್ದು ತಪ್ಪಲ್ಲರಿ," ಅಂದಳು. "ಓಡಿಸಿದವರು ಸರಿ ಇದ್ದಿದ್ದಿಲ್ಲ. ಕ್ಲಚ್ ಹೋಗೈತಿ, ಚಾಸಿಸ್ ಮುರಿದು ಬೆಸುಗಿ ಹಾಕ್ಯಾರ. ಇನ್ನೊಬ್ಬ ಗಿರಾಕಿ ಬಂದ್ರ ಇದನ್ನೂ ಹೇಳ್ರಿ."

ಭೀಮಶಂಕರ ಹಿಂದಿನಿಂದ ಏನೋ ಗೊಣಗಿದ. ಅವಳು ನಿಲ್ಲಲಿಲ್ಲ.

ಬಸ್ಸಿನಲ್ಲಿ ಅಣ್ಣ ತಂಗಿ ಬೇರೆ ಬೇರೆ ಸೀಟಿನಲ್ಲಿ ಕೂತರು. ಮಕ್ತಲದಲ್ಲಿ ಜನ ಇಳಿದಾಗ ಸಿದ್ದರಾಮೇಶ ಎದ್ದು ಅವಳ ಪಕ್ಕಕ್ಕೆ ಬಂದ.

"ಸತ್ತ ಅಪ್ಪನ ಬಗ್ಗೆ ಹಂಗ ಅನ್ನಬಾರದಾಗಿತ್ತು ನೀನು. ಅದೂ ಅವನ ಮುಂದ."

"ಅಂದಿದ್ದು ಸುಳ್ಳೇನು?"

ಅವನು ಕಿಟಕಿಯ ಆಚೆ ನೋಡುತ್ತ ಕೂತ.

ಮುಂದೆ ಎಷ್ಟೋ ದಿನ ಅವಳ ಸಿಟ್ಟು ಇಳಿಯಲಿಲ್ಲ. ಬೆಳಿಗ್ಗೆ ಏಳುವಾಗಲೇ ಎದೆಯೊಳಗೆ ಕುದಿಯುತ್ತಿತ್ತು. ಆ ಸಿಟ್ಟಿನಲ್ಲೇ ಮತ್ತೆ ಗಾಡಿ ಹುಡುಕಿದಳು, ಈ ಸಲ ಒಬ್ಬಳೇ. ಕೊನೆಗೆ ದಾಮರಗಿದ್ದದಲ್ಲಿ ನಿವೃತ್ತ ದನದ ಡಾಕ್ಟರರೊಬ್ಬರ ಹಳೆ ವ್ಯಾನು ಸಿಕ್ಕಿತು. ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಆದರೆ ಎಂಜಿನ್ನಿನ ಸದ್ದು ಒಂದೇ ಸಮ, ಬ್ರೇಕ್ ಒತ್ತಿದರೆ ನೆಟ್ಟಗೆ ನಿಲ್ಲುತ್ತಿತ್ತು. ತನ್ನ ಹೆಸರಿಗೇ ಕಾಗದ ಮಾಡಿಸಿಕೊಂಡಳು.

ಮನೆಯ ಮುಂದೆ ಸೀರೆಯ ಗಂಟುಗಳನ್ನು ವ್ಯಾನಿಗೆ ಹಾಕುತ್ತಿದ್ದಾಗ ಸಿದ್ದರಾಮೇಶ ಹೊರಗೆ ಬಂದು, ಒಂದು ಸುತ್ತು ಹಾಕಿ ಒಳಗೆ ಇಣುಕಿದ.

"ಇದು ಎಷ್ಟು ಓಡೈತಿ?"

"ಅದಕಿಂತ ಜಾಸ್ತಿ."

ಎಲ್ಲಿಗೆ ಎಂದು ಕೇಳಿದ್ದಕ್ಕೆ, ಮಾನೋಪಾಡಿಗೆ ಎಂದಳು. ನಾನೂ ಬರಲೇನು ಎಂಬ ಮಾತು ಅವನ ಮುಖದ ಮೇಲಿತ್ತು. ವಿಜಯಶ್ರೀ ಅದನ್ನು ನೋಡಿಯೂ ಬಾ ಅನ್ನಲಿಲ್ಲ. ಬಾಗಿಲು ಹಾಕಿಕೊಂಡು ಗಾಡಿ ಹೊರಡಿಸಿದಳು.