ಮಾತಾಡದವರ ಪಟ್ಟಿ

"ಏನ್ ಲಿಸ್ಟು ಕೊಟ್ಟೆಮ್ಮಾ ನೀನು? ನಮ್ಮ ಕುಪ್ಪಮ್ಮಕ್ಕನ್ನೇ ಎತ್ತಿ ಹೊರಗಾಕ್ಬಿಟ್ಟೆ! ಫೋನ್ ಹಾಕಿದ್ರೆ ಎತ್ತಲ್ಲ ಈಗ!" ಲೋಗನಾಥನ್ ಮಹಡಿ ಮೆಟ್ಟಿಲ ಮೇಲೇ ನಿಂತು ಸೃಷ್ಟಿಯ ಮುಖದ ಮುಂದೆ ಫೋನು ಹಿಡಿದ.

ತಮಿಳು ಸೀಮೆಯ ಶರವಣಂಪಟ್ಟಿಯಲ್ಲಿ ಅವನ ಮಹಡಿಮನೆಗೆ ಬಾಡಿಗೆಗೆ ಬಂದ ಸೃಷ್ಟಿ ಹಾವೇರಿಯವಳು. ಕಂಪನಿಯಲ್ಲಿ ಅಂಕಿಅಂಶ ಅರೆಯುವುದೇ ಅವಳ ಕೆಲಸ. ಲೋಗನಾಥನ್ ತಲೆಮಾರುಗಳಿಂದ ಅಲ್ಲೇ ನೆಲೆಸಿ ಮನೆಯಲ್ಲಿ ಕನ್ನಡವಾಡುವ ನೇಕಾರರ ಪೈಕಿ, ಕೈಮಗ್ಗದವರ ವಾಟ್ಸಾಪ್ ಗುಂಪಿನ ಅಡ್ಮಿನ್. ಮಗ್ಗ ಮುನಿಸಿಕೊಂಡರೆ ಕಾರಮಡೈಯಿಂದ ಧಾರಾಪುರಂವರೆಗಿನ ನೇಕಾರರು ಅಲ್ಲಿ ಕೇಳುತ್ತಾರೆ, ಬಲ್ಲವರು ಹೇಳುತ್ತಾರೆ. ಗುಂಪು ತುಂಬಿ ಹೊಸಬರಿಗೆ ಜಾಗವಿಲ್ಲದಾದಾಗ, ಯಾರು ಹೆಚ್ಚು ಮಾತಾಡುತ್ತಾರೆ, ಯಾರು ಬಾಯೇ ಬಿಡುವುದಿಲ್ಲ ಎಂದು ಎಣಿಸಿಕೊಡಲು ಅವಳನ್ನೇ ಕೇಳಿದ್ದ. ಅವಳು ಅರ್ಧ ಗಂಟೆಯಲ್ಲಿ ಪಟ್ಟಿ ಕೊಟ್ಟಿದ್ದಳು. ಬಾಯಿ ಬಿಡದ ನಲವತ್ತು ಜನರನ್ನು ಅವನು ನಿನ್ನೆ ತೆಗೆದುಹಾಕಿದ್ದ.

ಈಗ ಗುಂಪಿನಲ್ಲಿ ಗದ್ದಲ. ಧಾರಾಪುರಂನ ವೇಲುಸಾಮಿಯ ಮಗಳ ಮದುವೆಗೆ ನಾಲ್ಕೇ ದಿನ. ಧಾರೆಗೆಂದು ಅವನೇ ನೇಯುತ್ತಿದ್ದ ಸೀರೆ ಅರ್ಧದಲ್ಲಿದೆ, ಮಗ್ಗ ಮೊಂಡು ಹಿಡಿದಿದೆ. 'ಕುಪ್ಪಮ್ಮಕ್ಕ ಎಲ್ಲಿ?' ಎಂದು ಬೆಳಗಿನಿಂದ ಮೂವತ್ತು ಜನ ಕೇಳಿದ್ದರು.

ಸೃಷ್ಟಿ ಲ್ಯಾಪ್‌ಟಾಪ್ ತೆರೆದಳು. ಬೆಳಗಾದರೆ ಬಂದು ಬೀಳುವ ಗುಲಾಬಿ ಹೂವಿನ ಗುಡ್ ಮಾರ್ನಿಂಗುಗಳ ಕಾಟ ತಪ್ಪಿಸಲು ಅವಳು ಅಕ್ಷರದಲ್ಲಿ ಬರೆದದ್ದನ್ನಷ್ಟೇ ಎಣಿಸಿದ್ದಳು. ಗುಲಾಬಿಗಳ ಜೊತೆ ವಾಯ್ಸ್ ಮೆಸೇಜುಗಳೂ ಕಸಕ್ಕೆ ಹೋಗಿದ್ದವು. ಅವನ್ನು ಸೇರಿಸಿ ಎಣಿಸಿದರೆ ಪಟ್ಟಿಯೇ ತಲೆಕೆಳಗಾಯಿತು. ಕುಪ್ಪಮ್ಮ, ಮೂರು ವರ್ಷದಲ್ಲಿ ನಾಲ್ಕು ಸಾವಿರದ ಇನ್ನೂರು ಉತ್ತರ. ಹಳೆಯ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಲೋಗನಾಥನ್‌ನವು ಅದರ ಕಾಲು ಭಾಗವೂ ಇರಲಿಲ್ಲ. ಅವನವು ಹೆಚ್ಚಾಗಿ 'ಸೂಪರ್'.

ಅವಳು ಆ ಮೆಸೇಜುಗಳನ್ನು ಒಂದೊಂದಾಗಿ ಹಾಕಿ ಕೇಳಿದಳು, ಲೋಗನಾಥನ್ ತಮಿಳಿಗೆ ಅರ್ಥ ಹೇಳುತ್ತಾ ಹೋದ. ಯಾರೋ ತಮ್ಮ ಮಗ್ಗದ ಸದ್ದನ್ನು ಕಳಿಸಿರುತ್ತಾರೆ, ಅಷ್ಟೇ. ಕುಪ್ಪಮ್ಮ ಐದಾರು ಸೆಕೆಂಡು ತಮಿಳಿನಲ್ಲಿ ಹೇಳುತ್ತಾರೆ: ಲಾಳಿಯ ಮೂತಿ ಸವೆದಿದೆ, ಎಡಗಡೆ ಹಗ್ಗ ಬಿಗಿ ಮಾಡು. ಆಮೇಲೆ ಯಾರೂ ಏನೂ ಕೇಳುವುದಿಲ್ಲ. ಬರೀ ಸದ್ದು ಕೇಳಿ! ಸೃಷ್ಟಿಯ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ವಿದ್ಯೆಯನ್ನು ಕಸವೆಂದು ಗುಡಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

ಇಬ್ಬರೂ ಬೈಕಿನಲ್ಲಿ ಕಾರಮಡೈಗೆ ಹೋದರು. ಎಪ್ಪತ್ತರ ಹತ್ತಿರದ ಕುಪ್ಪಮ್ಮ ಜಗುಲಿಯಲ್ಲಿ ಹುರಳಿ ಆರಿಸುತ್ತಿದ್ದರು. ಕಂಡರೂ ತಲೆ ಎತ್ತಲಿಲ್ಲ.

"ನಾ ಏನ್ ತಪ್ಪಾ ಹೇಳ್ದೆ, ತಂಬಿ? ಬೇಡಾಂದ್ರೆ ಒಂದು ಮಾತು ಹೇಳಕೂಡಾದಾ?"

"ತಪ್ಪು ನನ್ನದಮ್ಮ," ಎಂದಳು ಸೃಷ್ಟಿ. "ನೀವು ಬರೆಯೋದಿಲ್ಲ ಅಂತ, ಮಾತೇ ಆಡೋದಿಲ್ಲ ಅಂದ್ಕೊಂಡುಬಿಟ್ಟೆ."

"ಬರೆಯಾಕೆ ನಾ ಎಲ್ಲಿ ಕಲ್ತೆ, ಕಂದಾ? ತಮಿಳೂ ಬರೆಯಾಕೆ ಬರಲ್ಲ, ಕನ್ನಡಾವೂ ಬರಲ್ಲ."

"ನಿಮ್ಮ ಮಗ್ಗ ನೋಡಬಹುದಾ?"

"ಮಗ್ಗ ಎಲ್ಲೈತೆ? ಮೊಣಕಾಲು ಕೇಳ್ಲಿಲ್ಲ. ಕೊಟ್ಟು ಆರು ವರ್ಷ ಆಯ್ತು."

ಸೃಷ್ಟಿ ಒಳಗೆ ಇಣುಕಿದಳು. ನಡುಮನೆಯಲ್ಲಿ, ನೇಯುವವರು ಕಾಲು ಇಳಿಬಿಡುವ ಗುಂಡಿ ಇದ್ದ ಕಡೆ, ಬೇರೆ ಬಣ್ಣದ ಸಿಮೆಂಟಿನ ಚೌಕವಿತ್ತು. ಆ ನಾಲ್ಕು ಸಾವಿರದ ಇನ್ನೂರು ಉತ್ತರಗಳನ್ನೂ ಮಗ್ಗವೇ ಇಲ್ಲದ ಈ ಮನೆಯಿಂದ ಹೇಳಿದ್ದರು.

ಲೋಗನಾಥನ್ ಮೆಲ್ಲಗೆ ವೇಲುಸಾಮಿಯ ಮಗ್ಗದ ಸದ್ದು ಹಾಕಿದ. ಹುರಳಿಯಲ್ಲಿದ್ದ ಕೈ ನಿಂತಿತು.

"ಯಾರ್ದು? ಇನ್ನೊಂದು ಸಲ ಹಾಕು."

ಕುಪ್ಪಮ್ಮ ಎದ್ದು ಒಳಗೆ ಹೋಗಿ, ಆ ಚೌಕದ ಅಂಚಿಗೆ ಕುರ್ಚಿ ಎಳೆದುಕೊಂಡು ಕಣ್ಣು ಮುಚ್ಚಿ ಕೂತರು. ಬರಿಗಾಲುಗಳು ಸಿಮೆಂಟನ್ನು ಒತ್ತತೊಡಗಿದವು. ಎಡ, ಬಲ, ಎಡ, ಬಲ, ಸದ್ದಿಗೆ ಸರಿಯಾಗಿ. ಒಂದು ಕಡೆ ಬಲಗಾಲು ಗಾಳಿಯಲ್ಲೇ ನಿಂತಿತು.

"ಇಲ್ಲೇ," ಎಂದರು. ಫೋನನ್ನು ಬಾಯಿಯ ಹತ್ತಿರ ಹಿಡಿದು, ಬಲಗಾಲಲ್ಲಿ ತುಳಿಯುವ ಹಲಗೆಯ ಹಗ್ಗ ಜಗ್ಗಿದೆ, ಒಂದು ಗಂಟು ಮೇಲೆ ಕಟ್ಟು ಎಂದು ತಮಿಳಿನಲ್ಲಿ ಹೇಳಿದರು.

ಕಾಲು ಗಂಟೆಯಲ್ಲಿ ಧಾರಾಪುರಂನಿಂದ ಮತ್ತೆ ಮಗ್ಗದ ಸದ್ದು ಬಂತು, ಎಲ್ಲೂ ತಡೆಯಿಲ್ಲದೆ.

"ಸರಿಯಾಯ್ತಾ ಅಮ್ಮಾ?" ಎಂದಳು ಸೃಷ್ಟಿ.

ಕುಪ್ಪಮ್ಮ ಆಗಲೇ ಆ ಸದ್ದಿಗೆ ಸಿಮೆಂಟನ್ನು ತುಳಿಯುತ್ತಿದ್ದರು. ಫೋನಿನಲ್ಲಿ ಸದ್ದು ಮುಗಿಯಿತು. ಕಾಲುಗಳು ನಿಲ್ಲಲಿಲ್ಲ.